ನಕಾಶೆ ಕಂಡ ದಾರಿ

ಸರ್ವೆ ಇಲಾಖೆಯಲ್ಲಿ ಕೂದಲು ನರೆಸಿಕೊಂಡವರಿಗೆಲ್ಲ ಗೊತ್ತಿರುವ ವಿಷಯ: ನಮ್ಮ ಸೀಮೆಯಲ್ಲಿ ದಾರಿಗಳು ಎರಡು ಜಾತಿ. ಒಂದು ನಕಾಶೆಯಲ್ಲಿರುವುದು, ಇನ್ನೊಂದು ನೆಲದ ಮೇಲಿರುವುದು. ಎರಡೂ ಒಂದೇ ಜಾಗದಲ್ಲಿ ಸಿಕ್ಕರೆ ಅವತ್ತು ಸರ್ವೆಯರು ಯಾವುದೋ ಒಳ್ಳೆಯ ಮುಖ ನೋಡಿ ಎದ್ದಿದ್ದಾನೆ ಎಂದು ಅರ್ಥ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಕೆರೆ ಏರಿಯಿಂದ ಹೊರಟು, ಸರ್ವೆ ನಂಬರುಗಳ ನಡುವೆ ಗಂಭೀರವಾಗಿ ಸಾಗಿ, ಪಕ್ಕದ ಊರಿನ ಗಡಿ ಸೇರಿರುತ್ತದೆ. ಸ್ಥಳಕ್ಕೆ ಹೋಗಿ ನೋಡಿದರೆ ಅಲ್ಲಿ ರಾಗಿ ತೆನೆ ತೂಗುತ್ತಿರುತ್ತದೆ. "ಇಲ್ಲಿ ದಾರಿ ಇತ್ತಲ್ಲಪ್ಪ?" ಎಂದರೆ, "ನಮ್ಮ ತಾತನ ಕಾಲದಲ್ಲೂ ಇರಲಿಲ್ಲ ಸ್ವಾಮಿ" ಎಂಬ ಉತ್ತರ ಬರುತ್ತದೆ. ಆ ದಾರಿಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡವನು ಆ ತಾತನೇ ಎಂಬುದು ಇಡೀ ಊರಿಗೆ ಗೊತ್ತು, ಆದರೆ ಮಹಜರಿಗೆ ಸಹಿ ಹಾಕಲು ಯಾರೂ ಬರುವುದಿಲ್ಲ. ಆಮೇಲೆ ಅರ್ಜಿ, ತಕರಾರು, ತಹಶೀಲ್ದಾರರ ಆದೇಶ, ಪೊಲೀಸ್ ಬಂದೋಬಸ್ತು, ಸರಪಳಿ, ಕಲ್ಲು. ನಕಾಶೆ ಕಂಡ ದಾರಿಗಳ ಒತ್ತುವರಿ ತೆರವು ಎಂದು ಮೇಲೆ ಬರೆದ ಕಡತಗಳನ್ನು ಹೊತ್ತು ಸವೆದ ಹೆಗಲು ನನ್ನದು.

ನಿವೃತ್ತನಾದ ಮೇಲೆ ನಕಾಶೆಯ ಈ ಚುಕ್ಕೆಗೆರೆಗಳ ಋಣ ತೀರಿತು ಎಂದುಕೊಂಡಿದ್ದೆ. ಮಗಳು ಕೊಲರಾಡೊದ ಡೆನ್ವರ್ ಪಕ್ಕ ಮನೆ ಮಾಡಿ, "ಅಪ್ಪ, ಅಮ್ಮ, ಬನ್ನಿ, ಬೆಟ್ಟ ನೋಡುವಿರಂತೆ" ಎಂದು ಕರೆಸಿಕೊಂಡಳು. ಹೋಗಿ ನೋಡಿದರೆ ಅವರ ಊಟದ ಮೇಜಿನ ತುಂಬ ಚುಕ್ಕೆಗೆರೆಗಳು. ಅನ್ನದ ಪಾತ್ರೆ ಇಡಲು ಜಾಗವಿಲ್ಲ. ಅದರ ಮೇಲೆ ಬಗ್ಗಿ, ಬಣ್ಣದ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನಿಂತವರು ನಮ್ಮ ಅಳಿಯಂದಿರು.

ಅಳಿಯಂದಿರಿಗೆ ಡರ್ಟ್ ಬೈಕಿನ ಹುಚ್ಚು. ವಾರವಿಡೀ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂತು ಗಳಿಸಿದ್ದನ್ನು ಶನಿವಾರ ಅದಕ್ಕೆ ಸುರಿಯುತ್ತಾರೆ. ಗ್ಯಾರೇಜಿನಲ್ಲಿ ಅದನ್ನು ಮೊದಲ ಸಲ ನೋಡಿದಾಗ, ರಿಪೇರಿಗೆ ಬಿಚ್ಚಿದವರು ಅರ್ಧ ಸಾಮಾನು ಮತ್ತೆ ಜೋಡಿಸದೆ ಬಿಟ್ಟಿದ್ದಾರೆ ಅನ್ನಿಸಿತು. ಇಂಡಿಕೇಟರ್ ಇಲ್ಲ, ಕನ್ನಡಿ ಇಲ್ಲ, ಹಿಂದೆ ಒಬ್ಬರು ಕೂರಲು ಜಾಗವಿಲ್ಲ, ಸೀರೆ ಗಾರ್ಡಿನ ಮಾತಂತೂ ಬಿಡಿ. ಟೈರಿನ ತುಂಬ ಗುಬಟು. ಸೀಟು ನೆಲದಿಂದ ಮೂರಡಿಗೂ ಮೇಲೆ.

"ಇದರ ಮೇಲೆ ಹತ್ತುವುದು ಹೇಗೆ?" ಎಂದು ಕೇಳಿದೆ.

"ಹತ್ತಿದ ಮೇಲೆ ಕೂರುವುದು ಕಡಿಮೆ ಮಾವ. ನಿಂತೇ ಓಡಿಸಬೇಕು."

"ಮತ್ತೆ ಸೀಟು ಯಾಕೆ ಕೊಟ್ಟಿದ್ದಾರೆ?"

"ಭಯವಾದಾಗ ಕೂರೋದಕ್ಕೆ."

ಇಂಥ ಪ್ರಾಮಾಣಿಕ ಉತ್ತರ ಕೊಡುವವರಿಗೆ ಮಗಳನ್ನು ಕೊಟ್ಟದ್ದು ಸರಿಯಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವರು ಒದ್ದು ಸ್ಟಾರ್ಟ್ ಮಾಡಿದರು. ನೀಲಿ ಹೊಗೆ ಎದ್ದಿತು. ಒಳಗೆ ಅಡುಗೆಮನೆಯಲ್ಲಿದ್ದ ನನ್ನಾಕೆ ಸೌಟು ಹಿಡಿದೇ ಓಡಿಬಂದು, "ರೀ, ನಿಮ್ಮ ಯೆಜ್ಡಿ ವಾಸನೆ!" ಎಂದಳು. ನಿಜ. ಅದು ಟೂ ಸ್ಟ್ರೋಕ್ ಎಂಜಿನ್ನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಈ ವಾಸನೆ ನಮ್ಮ ಬೀದಿಯಿಂದ ಮೆಲ್ಲಗೆ ಮಾಯವಾಗಿತ್ತು. ಅಲ್ಲಿಂದ ಮುಂದೆ ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸುವ ಕೆಲಸ ಆ ಮನೆಯಲ್ಲಿ ನನ್ನದಾಯಿತು. ಯೆಜ್ಡಿ ಇಟ್ಟುಕೊಂಡಿದ್ದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಪ್ರವಾಸ ಇರುವುದು ಜುಲೈಯಲ್ಲಿ. ಯೋಜನೆ ಶುರುವಾಗುವುದು ಜನವರಿಯಲ್ಲಿ, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ. ಅಳಿಯಂದಿರು, ಅವರ ಜೊತೆ ಕೆಲಸ ಮಾಡುವ ದಾವಣಗೆರೆಯ ಹುಡುಗ, ನೆಲ್ಲೂರಿನವನೊಬ್ಬ, ನೆರೆಮನೆಯ ಅಮೆರಿಕನ್ ಹಿರಿಯರು, ಇಷ್ಟು ಜನ ಪ್ರತಿ ಶುಕ್ರವಾರ ರಾತ್ರಿ ಸೇರುತ್ತಾರೆ. ನೆರೆಮನೆಯವರು ಕೊಳಾಯಿ ಕೆಲಸದಿಂದ ನಿವೃತ್ತರು, ಆ ಬೆಟ್ಟಗಳನ್ನು ಹುಡುಗನಾಗಿದ್ದಾಗಿನಿಂದ ಬಲ್ಲವರು. ನಾಲ್ಕು ದಿನದ ತಿರುಗಾಟಕ್ಕೆ ಆರು ತಿಂಗಳ ಸಭೆ ಯಾಕೆ ಬೇಕು ಎಂದು ನನಗೆ ಮೊದಮೊದಲು ನಗು ಬರುತ್ತಿತ್ತು. ನಮ್ಮ ಕಡೆ ಹುಡುಗರು ಶನಿವಾರ ರಾತ್ರಿ ಚಹಾ ಅಂಗಡಿ ಮುಂದೆ ನಿಂತು "ಮಗಾ, ನಾಳೆ ಸಕಲೇಶಪುರ" ಎಂದರೆ ಮುಗಿಯಿತು, ಬೆಳಿಗ್ಗೆ ಐದಕ್ಕೆ ಹೊರಟಿರುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ಯಾಕಾಗುವುದಿಲ್ಲ ಎಂದು ತಿಳಿಯುತ್ತ ತಿಳಿಯುತ್ತ ನಾನೂ ಆ ಶುಕ್ರವಾರದ ಸಭೆಗೆ ಕುರ್ಚಿ ಎಳೆದುಕೊಂಡೆ.

ಮೊದಲು ಆ ನೆಲದ ವಿಷಯ. ಅಮೆರಿಕದ ಪಶ್ಚಿಮ ಭಾಗದಲ್ಲಿ ಬೆಟ್ಟವೂ ಮರುಭೂಮಿಯೂ ಬಹುಪಾಲು ಸರ್ಕಾರದ್ದು. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಒಂದು ಇಲಾಖೆಯ ಕೈಯಲ್ಲೇ ಸುಮಾರು 24.5 ಕೋಟಿ ಎಕರೆ ಇದೆ. ಫಾರೆಸ್ಟ್ ಸರ್ವಿಸ್ ಎಂಬ ಇನ್ನೊಂದರ ಕೈಯಲ್ಲಿ 19.3 ಕೋಟಿ. ನಮ್ಮ ಇಡೀ ಕರ್ನಾಟಕ, ಊರು, ಕೆರೆ, ಕಾಡು, ವಿಧಾನಸೌಧ ಎಲ್ಲ ಸೇರಿ, ಐದು ಕೋಟಿ ಎಕರೆಗೂ ಸ್ವಲ್ಪ ಕಡಿಮೆ. ಗೋಮಾಳ, ಕಾನು, ಬಾಣೆ, ಸೊಪ್ಪಿನಬೆಟ್ಟ ಎಂದು ಎಕರೆ ಗುಂಟೆಗಳಲ್ಲಿ ಜೀವ ತೇಯ್ದ ನನಗೆ ಈ ಅಂಕಿ ಕೇಳಿ ತಲೆ ತಿರುಗಿತು. ಸಹಜವಾಗಿ ಮೊದಲು ಬಾಯಿಗೆ ಬಂದ ಪ್ರಶ್ನೆ:

"ಇಷ್ಟು ಜಾಗ ಹಾಗೇ ಬಿದ್ದಿದೆ. ಒಬ್ಬರೂ ನಮೂನೆ 57 ಹಾಕಿಲ್ಲವೇ?"

ಸರ್ಕಾರಿ ಜಾಗ ಉತ್ತವರು ಅದನ್ನು ತಮ್ಮ ಹೆಸರಿಗೆ ಕೇಳುವ ಈ ಬಗರ್ ಹುಕುಂ ಅರ್ಜಿಯನ್ನು ದಾವಣಗೆರೆಯ ಹುಡುಗ ಇಂಗ್ಲಿಷಿನಲ್ಲಿ ನೆರೆಮನೆಯವರಿಗೆ ವಿವರಿಸಿದ. ಅವರು ಗಟ್ಟಿಯಾಗಿ ನಕ್ಕು, ಹಾಕಿಲ್ಲದೆ ಏನು, ಇಡೀ ದೇಶ ಹಾಕಿತ್ತು ಎಂದರು. 1862ರ ಹೋಮ್‌ಸ್ಟೆಡ್ ಕಾನೂನಿನ ಪ್ರಕಾರ 160 ಎಕರೆ ಹಿಡಿದು, ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿ ತೋರಿಸಿದರೆ ನೆಲ ಅವನದಾಗುತ್ತಿತ್ತು. ನೀರಿದ್ದ, ಮಣ್ಣಿದ್ದ ನೆಲವೆಲ್ಲ ಹಾಗೆ ಹೋಯಿತು. ಉಳಿದದ್ದು ಯಾರಿಗೂ ಬೇಡವಾದದ್ದು: ಹನ್ನೆರಡು ಸಾವಿರ ಅಡಿಯ ಬಂಡೆ, ಮೇ ತಿಂಗಳಲ್ಲೂ ಕರಗದ ಹಿಮ, ಮುಳ್ಳುಪೊದೆಯ ಬಯಲು. ಯಾರಿಗೂ ಬೇಡವಾದ್ದರಿಂದ ಅದು ಎಲ್ಲರದೂ ಆಯಿತು.

ಯಾರಿಗೂ ಬೇಡ ಎನ್ನುವುದು ಪೂರ್ತಿ ನಿಜವಲ್ಲ ಎಂಬುದೂ ಆಮೇಲೆ ತಿಳಿಯಿತು. ಆ ಬೆಟ್ಟಗಳಲ್ಲಿ ಯೂಟ್ ಜನ ಎಷ್ಟೋ ತಲೆಮಾರಿನಿಂದ ಇದ್ದರು. 1868ರ ಒಪ್ಪಂದದಲ್ಲಿ ಕೊಲರಾಡೊದ ಪಶ್ಚಿಮ ಭಾಗ ನಿಮ್ಮದು ಎಂದು ಅವರಿಗೆ ಬರೆದುಕೊಟ್ಟಿದ್ದರು. ಸಾನ್ ವಾನ್ ಬೆಟ್ಟಗಳಲ್ಲಿ ಬೆಳ್ಳಿ ಬಂಗಾರ ಇದೆ ಎಂಬ ಸುದ್ದಿ ಹಬ್ಬಿದ ಮೇಲೆ ಗಣಿಯವರು ಹೇಳದೆ ಕೇಳದೆ ನುಗ್ಗಿದರು. ಅವರನ್ನು ಎಬ್ಬಿಸುವ ಬದಲು ಸರ್ಕಾರ 1873ರಲ್ಲಿ ಇನ್ನೊಂದು ಒಪ್ಪಂದ ಮಾಡಿಸಿ ಆ ಬೆಟ್ಟಗಳನ್ನೇ ಯೂಟರಿಂದ ಬರೆಸಿಕೊಂಡಿತು. ಇದಕ್ಕೆ ನಮ್ಮ ಇಲಾಖೆಯಲ್ಲಿ ಅಕ್ರಮ-ಸಕ್ರಮ ಎನ್ನುತ್ತೇವೆ. ನಮ್ಮಲ್ಲಾದರೆ ಒಬ್ಬೊಬ್ಬರಿಗೆ ಎರಡು ಮೂರು ಎಕರೆಯ ಪ್ರಶ್ನೆ. ಅಲ್ಲಿ ಬೆಟ್ಟಸಾಲುಗಳಿಗೇ ಸಾಗುವಳಿ ಚೀಟಿ ಕೊಟ್ಟುಬಿಟ್ಟಿದ್ದರು. ಈಗ ಹುಡುಗರು ಬೈಕ್ ಓಡಿಸುವ ಎಷ್ಟೋ ದಾರಿಗಳು ಆ ಗಣಿಯವರ ಹೇಸರಗತ್ತೆಗಳು ಅದಿರು ಹೊತ್ತು ಇಳಿದ ದಾರಿಗಳೇ. ಆಟೊ ಮಿಯರ್ಸ್ ಎಂಬ ಮಹಾಶಯನೊಬ್ಬ ಸಾನ್ ವಾನ್‌ನಲ್ಲಿ ಬಂಡೆ ಸಿಡಿಸಿ ರಸ್ತೆ ಮಾಡಿ, ಅಡ್ಡಗಟ್ಟೆ ಹಾಕಿ ಸುಂಕ ವಸೂಲು ಮಾಡಿದ. ಟೋಲ್ ಗೇಟಿನ ತಾತ.

ಈಗ ನಕಾಶೆಗೆ ಬರೋಣ. ಮೇಜಿನ ಮೇಲೆ ಹಾಸಿದ್ದು ಫಾರೆಸ್ಟ್ ಸರ್ವಿಸಿನ ಮೋಟಾರು ವಾಹನ ಬಳಕೆ ನಕಾಶೆ. ಇದನ್ನು ಅವರು ಪುಕ್ಕಟೆ ಕೊಡುತ್ತಾರೆ. ನೋಡಲು ಪರಮ ನೀರಸ. ಕಪ್ಪು ಬಿಳುಪು. ಬೆಟ್ಟದ ಏರಿಳಿತ ತೋರಿಸುವ ಗೆರೆಗಳಿಲ್ಲ, ಬಣ್ಣವಿಲ್ಲ, ಮರದ ಚಿತ್ರವಿಲ್ಲ. ಪ್ರವಾಸಿಗಳು ಒಮ್ಮೆ ನೋಡಿ ಮಡಚಿಡುತ್ತಾರೆ. ನಾನು ಕನ್ನಡಕ ಒರೆಸಿಕೊಂಡು ಒಂದು ಗಂಟೆ ಓದಿದೆ. ಇಷ್ಟು ದಪ್ಪದ ಗೆರೆಯಾದರೆ ಎಲ್ಲ ವಾಹನಕ್ಕೆ, ಇಂಥ ಚುಕ್ಕೆಯಾದರೆ 50 ಅಂಗುಲಕ್ಕಿಂತ ಅಗಲವಿಲ್ಲದ ವಾಹನಕ್ಕೆ, ಇಂಥ ಸಣ್ಣ ಚುಕ್ಕೆಯಾದರೆ ಮೋಟಾರ್ ಸೈಕಲ್ಲಿಗೆ ಮಾತ್ರ. ಪಕ್ಕದಲ್ಲಿ ಒಂದು ಕೋಷ್ಟಕ: ಈ ನಂಬರಿನ ದಾರಿ ಇಷ್ಟನೇ ತಾರೀಕಿನಿಂದ ಇಷ್ಟನೇ ತಾರೀಕಿನವರೆಗೆ ತೆರೆದಿರುತ್ತದೆ. ಬಂಡಿದಾರಿ, ಕಾಲುದಾರಿ ಎಂದು ನಮ್ಮ ಗ್ರಾಮ ನಕಾಶೆಗಳಲ್ಲಿ ಬೇರೆ ಬೇರೆ ಗುರುತು ಹಾಕಿದ ಹಿರಿಯರು ಇದನ್ನು ನೋಡಿದ್ದರೆ ತಮ್ಮ ಪಾಠ ಒಪ್ಪಿಸಿದ ಶಿಷ್ಯರನ್ನು ನೋಡಿದಷ್ಟು ಸಂತೋಷಪಡುತ್ತಿದ್ದರು.

ಆದರೆ ಈ ನಕಾಶೆಯ ಒಳಗಿನ ತರ್ಕ ನಮ್ಮದಕ್ಕೆ ತಿರುಗುಮುರುಗು. ಬೆಟ್ಟದಲ್ಲಿ ಕಣ್ಣಿಗೆ ಕಾಣುವ ಒಳ್ಳೆಯ ದಾರಿ ಇರಬಹುದು, ಟೈರಿನ ಗುರುತಿರಬಹುದು, ನೂರು ವರ್ಷದಿಂದ ಜನ ಓಡಾಡಿರಬಹುದು. ಈ ಹಾಳೆಯ ಮೇಲೆ ಇಲ್ಲ ಎಂದರೆ ಮೋಟಾರಿಗೆ ಅದು ದಾರಿಯೇ ಅಲ್ಲ. ಅಲ್ಲಿಗೆ ಚಕ್ರ ಇಳಿಸಿದರೆ ದಂಡ. ನಮ್ಮಲ್ಲಿ ಕಾಗದದ ಮೇಲಿದ್ದ ದಾರಿ ನೆಲದ ಮೇಲೆ ಕಳೆದುಹೋಗುತ್ತದೆ, ಅಲ್ಲಿ ನೆಲದ ಮೇಲಿರುವ ದಾರಿ ಕಾಗದದ ಮೇಲೆ ಕಳೆದುಹೋಗುತ್ತದೆ. ಯಾವುದು ದೊಡ್ಡ ನಷ್ಟ ಎಂದು ನಾನು ಇವತ್ತಿಗೂ ತೀರ್ಮಾನ ಮಾಡಿಲ್ಲ. ನಮ್ಮ ದಾರಿಗಾದರೆ ಸರಪಳಿ ಹಿಡಿದು ಹೋಗಿ ಮತ್ತೆ ಜೀವ ತುಂಬಬಹುದು.

ಮೊದಲು ಹೀಗಿರಲಿಲ್ಲವಂತೆ. ಎರಡನೇ ಮಹಾಯುದ್ಧದ ಜೀಪು, ಆಮೇಲೆ ಬೈಕು, ಎಲ್ಲ ಬೆಟ್ಟಕ್ಕೆ ನುಗ್ಗಿ, ಹುಲ್ಲುಗಾವಲು ಹರಿದು, ತೊರೆಗಳಲ್ಲಿ ಕೆಸರೆದ್ದು ಗಲಾಟೆಯಾದಾಗ 1972ರಲ್ಲಿ ಅಧ್ಯಕ್ಷ ನಿಕ್ಸನ್, ಎಲ್ಲಿ ಓಡಿಸಬಹುದು ಎಲ್ಲಿ ಓಡಿಸಬಾರದು ಎಂದು ಗೊತ್ತುಮಾಡಿ ಎಂಬ ಆಜ್ಞೆ ಹೊರಡಿಸಿದರು. ಇಲಾಖೆಗಳು ಅದನ್ನು ಓದಿ ಆಲೋಚನೆ ಮಾಡಿದವು. ಅಚ್ಚುಕಟ್ಟಾದ ನಿಯಮ ಫಾರೆಸ್ಟ್ ಸರ್ವಿಸಿನಿಂದ ಬಂದದ್ದು 2005ರಲ್ಲಿ. ಆಜ್ಞೆಗೂ ನಿಯಮಕ್ಕೂ ನಡುವೆ ಮೂವತ್ತಮೂರು ವರ್ಷ! ಇದನ್ನು ಕೇಳಿದ ದಿನ ನನಗೆ ಅಮೆರಿಕ ತೀರ ಪರದೇಶ ಎನ್ನಿಸಲಿಲ್ಲ.

ಅಲ್ಲಿಂದ ಮುಂದೆ ತರಾವರಿ ಗಡಿಗಳು. 1964ರ ವಿಲ್ಡರ್‌ನೆಸ್ ಕಾನೂನಿನಡಿ ಬೇರ್ಪಡಿಸಿದ ಕಾಡುಗಳಿವೆ. ಅವುಗಳೊಳಗೆ ಬೈಕಿರಲಿ, ಸೈಕಲ್ಲಿಗೂ ಪ್ರವೇಶವಿಲ್ಲ. ದಾರಿಗೆ ಬಿದ್ದ ಮರ ಕಡಿಯಲು ಬರುವ ಇಲಾಖೆಯ ಆಳುಗಳೂ ಮೋಟಾರು ಗರಗಸ ಒಯ್ಯದೆ ಇಬ್ಬರು ಎಳೆಯುವ ಹಳೆಯ ಗರಗಸವನ್ನೇ ಹೊತ್ತು ನಡೆಯುತ್ತಾರೆ. ಗಡಿಯ ಪಕ್ಕದಲ್ಲೇ ಬೈಕಿನ ದಾರಿ ಹಾದು ಹೋಗುವುದೂ ಉಂಟು. ಒಂದು ತಿರುವು ತಪ್ಪಿದರೆ ಅಪರಾಧ. ನಡುನಡುವೆ 1872ರ ಗಣಿ ಕಾನೂನಿನಲ್ಲಿ ಪಟ್ಟಾ ಆದ ಖಾಸಗಿ ತುಂಡುಗಳು, ಉದ್ದ 1500 ಅಡಿ, ಅಗಲ 600, ಕಾಡಿನ ಮೈಮೇಲೆ ತೇಪೆ ಹಾಕಿದ ಹಾಗೆ. ಮಾಲೀಕ ಬೇಲಿ ಹಾಕಿದ ದಿನ ದಾರಿ ನಿಂತಿತು. ನಮ್ಮವರು ಒಂದು ದಿನದ ಸುತ್ತಿಗೆ ಗೆರೆ ಎಳೆದು, "ಇಲ್ಲಿ ಸುತ್ತು ಕೂಡುತ್ತದೆ" ಎಂದು ಕೈ ತಟ್ಟಿಕೊಳ್ಳುವಾಗ ನಾನು ಪೆನ್ಸಿಲ್ ತುದಿಯಿಂದ ಅಂಥ ಒಂದು ತೇಪೆಯನ್ನು ಕುಟ್ಟಿ ತೋರಿಸುತ್ತಿದ್ದೆ. ಕುಂದು ಹುಡುಕುವುದರಲ್ಲಿ ಇಷ್ಟು ಸುಖ ನನಗೆ ಸರ್ವೀಸಿನಲ್ಲೂ ಸಿಕ್ಕಿರಲಿಲ್ಲ. ನೆರೆಮನೆಯವರು ಮಾರನೆಯ ವಾರದಿಂದ ನನ್ನನ್ನು "ಮಿಸ್ಟರ್ ಸರ್ವೇಯರ್" ಎಂದು ಕರೆಯತೊಡಗಿದರು.

ಕಾನೂನಿನ ನಕಾಶೆಯಿಂದ ದಾರಿ ಸಿಕ್ಕಿತು ಎನ್ನಿ. ಅದು ಎಷ್ಟು ಕಡಿದು ಎಂದು ತಿಳಿಯಲು ಇನ್ನೊಂದು ನಕಾಶೆ ಬೇಕು, ನಲವತ್ತು ಅಡಿಗೊಂದು ಸಮೋನ್ನತಿ ರೇಖೆ ಇರುವಂಥದ್ದು. ಹಿಮ ಕರಗಿದೆಯೇ ಎಂದು ನೋಡಲು ಉಪಗ್ರಹದ ಚಿತ್ರ. ಬೆಟ್ಟದ ದಕ್ಷಿಣ ಮುಖ ಒಣಗಿ ಧೂಳೆದ್ದರೂ ಉತ್ತರದ ಇಳಿಜಾರಿನಲ್ಲಿ ಜುಲೈಯಲ್ಲೂ ಒಂದು ಹಿಮದ ಗುಡ್ಡೆ ದಾರಿಗೆ ಅಡ್ಡ ಮಲಗಿರುತ್ತದೆ. ಗನ್ನಿಸನ್ ಸೀಮೆಯಲ್ಲಿ ಸೇಜ್ ಗ್ರೌಸ್ ಎಂಬ ಕೋಳಿಜಾತಿಯ ಹಕ್ಕಿ ವಸಂತದಲ್ಲಿ ಬಯಲಿಗೆ ಬಂದು ಎದೆಯುಬ್ಬಿಸಿ ಕುಣಿದು ಹೆಣ್ಣು ಒಲಿಸಿಕೊಳ್ಳುತ್ತದೆ. ಅದರ ಮದುವೆ ಕೆಡಬಾರದೆಂದು ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಎಷ್ಟೋ ರಸ್ತೆಗಳಿಗೆ ಗೇಟು. ಇನ್ನು ಬೇಸಗೆಯ ಮಧ್ಯಾಹ್ನಗಳಲ್ಲಿ ಬೆಟ್ಟದ ನೆತ್ತಿಯ ಮೇಲೆ ಗುಡುಗು ಸಿಡಿಲು ತಪ್ಪಿದ್ದಲ್ಲ. ಹನ್ನೊಂದೂವರೆ ಸಾವಿರ ಅಡಿಯ ಮೇಲೆ ಮರವೇ ಬೆಳೆಯುವುದಿಲ್ಲವಾದ್ದರಿಂದ ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಬೈಕಿನ ಮೇಲೆ ನಿಂತಿರುವ ನಮ್ಮ ಅಳಿಯಂದಿರೇ. ಆದ್ದರಿಂದ ಮಧ್ಯಾಹ್ನದೊಳಗೆ ಮರಗಳ ಸಾಲಿನ ಕೆಳಗೆ ಇಳಿದಿರಬೇಕು. ನನ್ನಾಕೆ ಇದನ್ನೆಲ್ಲ ಕೇಳಿಸಿಕೊಂಡು, "ಪಂಚಾಂಗ ನೋಡಿಯೇ ಹೊರಡಿ ಎಂದರೆ ನಮ್ಮನ್ನು ನಗುತ್ತಿದ್ದರಲ್ಲ, ಇವರ ರಾಹುಕಾಲ ದಿನಾ ಮಧ್ಯಾಹ್ನ ಹನ್ನೆರಡಕ್ಕೇ" ಎಂದಳು. ಅಳಿಯಂದಿರಲ್ಲಿ ಉತ್ತರವಿರಲಿಲ್ಲ.

ಪೆಟ್ರೋಲು ಇನ್ನೊಂದು ಲೆಕ್ಕ. ಟ್ಯಾಂಕಿಗೆ ಹಿಡಿಯುವುದು ಎಂಟು ಲೀಟರಿನ ಆಸುಪಾಸು. ಒಂದನೇ ಗೇರಿನಲ್ಲಿ ಬಂಡೆ ಹತ್ತುತ್ತಿದ್ದರೆ ಅದು ಎಷ್ಟು ಮೈಲಿಗೆ ಬರುತ್ತದೆಂದು ದೇವರೇ ಹೇಳಬೇಕು. ನಾಲ್ವರಲ್ಲಿ ಯಾರ ಟ್ಯಾಂಕು ಚಿಕ್ಕದೋ ಅವನೇ ಆ ದಿನದ ದೂರ ನಿರ್ಧರಿಸುವ ಯಜಮಾನ. ಎತ್ತರ ಹತ್ತಿದಷ್ಟೂ ಗಾಳಿ ತೆಳ್ಳಗಾಗಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಸೋರಿಹೋಗುತ್ತದೆ ಎಂಬುದು ಮೆಕ್ಯಾನಿಕ್ಕುಗಳ ಬಾಯಿಲೆಕ್ಕ. ಹನ್ನೆರಡು ಸಾವಿರ ಅಡಿಗೆ ಹೋದರೆ ಮೂರನೇ ಒಂದು ಭಾಗ ಗೋವಿಂದ. ಕಾರ್ಬುರೇಟರ್ ಇದ್ದರೆ ಸಣ್ಣ ಜೆಟ್ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿಯಾಗಿ ಪ್ಲಗ್ ಮಸಿ ಹಿಡಿಯುತ್ತದೆ. ಪ್ಲಗ್ ಕಳಚಿ ಮರಳುಕಾಗದದಲ್ಲಿ ಉಜ್ಜುವ ವಿದ್ಯೆ ನನಗೆ ಬರುತ್ತದೆ ಎಂದು ತಿಳಿದ ಮೇಲೆ ನೆಲ್ಲೂರಿನವನಿಗೆ ನನ್ನ ಮೇಲೆ ಭಕ್ತಿ ಹುಟ್ಟಿತು.

ಪ್ರತಿ ಬೈಕಿಗೂ ರಾಜ್ಯ ಸರ್ಕಾರದ ಒಂದು ಸ್ಟಿಕ್ಕರ್ ಅಂಟಿಸಬೇಕು. ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದಕ್ಕೆ. ಇದೊಂದು ಮಾತ್ರ ನಮ್ಮ ಖಜಾನೆ ಲೆಕ್ಕಕ್ಕೆ ಸರಿಯಾಗಿ ಕೂಡಿತು. ಬೆಲೆ ಇಪ್ಪತ್ತೈದು ಡಾಲರಿನ ಮೇಲೆ ಇಪ್ಪತ್ತೈದು ಸೆಂಟು. ಆ ಚಿಲ್ಲರೆ ಯಾಕೆ ಎಂದು ಕೇಳಿದೆ, ಚಿಲ್ಲರೆ ಬಿಟ್ಟು ಅಭ್ಯಾಸವಿಲ್ಲ. ಬೆಟ್ಟದಲ್ಲಿ ಕಾಣೆಯಾದವರನ್ನು, ಕೈಕಾಲು ಮುರಿದುಕೊಂಡವರನ್ನು ಹುಡುಕಿ ತರುವ ತಂಡಗಳ ನಿಧಿಗೆ ಹೋಗುತ್ತದಂತೆ. ಆ ತಂಡಗಳವರು ಬಹುತೇಕ ಊರಿನ ಸ್ವಯಂಸೇವಕರು, ಹೊತ್ತು ತಂದದ್ದಕ್ಕೆ ಬಿಲ್ಲು ಕೊಡುವುದಿಲ್ಲ. ಮಿಕ್ಕ ಹಣದಲ್ಲಿ ದೊಡ್ಡ ಪಾಲು ದಾರಿಗಳ ದುರಸ್ತಿಗೆ. ಹೊಸ ಬೈಕುಗಳ ಸದ್ದು 96 ಡೆಸಿಬೆಲ್ ಮೀರಬಾರದು, ಸೈಲೆನ್ಸರಿನಲ್ಲಿ ಕಿಡಿ ಹಿಡಿಯುವ ಜಾಲರಿ ಇರಲೇಬೇಕು. ಒಣ ಕಾಡಿಗೆ ಒಂದು ಕಿಡಿ ಸಾಕು. ಮೈಸೂರಿನಲ್ಲಿ ನಮ್ಮ ಬೀದಿಯಲ್ಲಿ ರಾತ್ರಿ ಹತ್ತಕ್ಕೆ ಸೈಲೆನ್ಸರ್ ಕಿತ್ತ ಬೈಕಿನಲ್ಲಿ ಹೋಗುವ ಕುಮಾರನಿಗೆ ಇದನ್ನು ಹೇಳಬೇಕೆಂದಿದ್ದೇನೆ. ಅವನಿಗೆ ಕೇಳಿಸುವುದು ಕಷ್ಟ.

ಹೊರಡುವ ಹಿಂದಿನ ದಿನ ಸಾಮಾನು ಹೊರಗೆ ಬಂತು. ಟ್ಯೂಬು, ಟೈರ್ ಲಿವರ್, ಚೈನಿನ ಕೊಂಡಿ, ಕ್ಲಚ್ ಲಿವರ್ ಇನ್ನೊಂದು, ಎಳೆಯುವ ಪಟ್ಟಿ, ನೀರು ಸೋಸುವ ಯಂತ್ರ, ಉಪಗ್ರಹದ ಮೂಲಕ ಸುದ್ದಿ ಕಳಿಸುವ ಸಣ್ಣ ಡಬ್ಬಿ. ನೆರೆಮನೆಯವರು ಮಡಚುವ ಗರಗಸ ಕಟ್ಟಿಕೊಂಡರು. ತೊಗಟೆ ಕೊರೆಯುವ ದುಂಬಿ ಬಿದ್ದು ಆ ಕಡೆಯ ಪೈನ್ ಮರಗಳು ಸಾಲು ಸಾಲು ಸತ್ತಿವೆ, ಗಾಳಿಗೆ ದಾರಿಗಡ್ಡ ಉರುಳುತ್ತವೆ. ದಾರಿ ನಕಾಶೆಯಲ್ಲಿದ್ದರೂ ಮರ ಸರಿಸದೆ ಅದು ನೆಲದ ಮೇಲೆ ಇದ್ದ ಹಾಗಲ್ಲ. ನನ್ನಾಕೆ ಚಪಾತಿ, ಚಟ್ನಿಪುಡಿ, ಗೊಜ್ಜವಲಕ್ಕಿ, ಕೋಡುಬಳೆ ಎಂದು ಒಂದು ಚೀಲ ಸಿದ್ಧ ಮಾಡಿದಳು. ಮಗಳು ಅದನ್ನು ತೂಕಕ್ಕೆ ಇಟ್ಟು, "ಅಮ್ಮ, ಇಂಗಿನ ವಾಸನೆಗೆ ಕರಡಿ ಬರುತ್ತೆ" ಎಂದಳು. ಕೊನೆಗೆ ಕರಡಿಗೆ ತೆರೆಯಲು ಬಾರದ ಡಬ್ಬಿಯೊಂದನ್ನು ತಂದು ಅದರೊಳಗೆ ಕೋಡುಬಳೆ ತುಂಬಿದರು. ಅದು ನನಗೂ ತೆರೆಯಲು ಬರಲಿಲ್ಲ.

ನಾನು ಹೋದದ್ದು ಟ್ರಕ್ಕಿನಲ್ಲಿ, ಮಗಳ ಪಕ್ಕದ ಸೀಟಿನಲ್ಲಿ, ಹಿಂದೆ ಟ್ರೇಲರಿನ ಮೇಲೆ ಬೈಕುಗಳು. ಬ್ಯೂನಾ ವಿಸ್ತಾದಿಂದ ಕಾಟನ್‌ವುಡ್ ಪಾಸ್ ಹತ್ತಿದೆವು. 12,126 ಅಡಿ. ಇಳಿದರೆ ಟೇಲರ್ ಪಾರ್ಕ್, ದೊಡ್ಡ ಜಲಾಶಯ, ಸುತ್ತ ಬೋಗುಣಿಯಂಥ ಬಯಲು, ಅಂಚಿಗೆ ಬೆಟ್ಟ. ಕಾಡಿನೊಳಗೆ ಹಿಂದೆ ಯಾರೋ ಡೇರೆ ಹಾಕಿದ ಜಾಗದಲ್ಲೇ ನಾವೂ ಹಾಕಿದೆವು. ಬಾಡಿಗೆಯಿಲ್ಲ, ಚೀಟಿಯಿಲ್ಲ, ಕೇಳುವವರಿಲ್ಲ. ಹದಿನಾಲ್ಕು ದಿನದ ಮೇಲೆ ಮಾತ್ರ ಎದ್ದು ಹೋಗಬೇಕು. ಹದಿನೈದನೇ ದಿನ ಯಾರೂ ಖಾತೆ ಬದಲಾವಣೆಗೆ ಅರ್ಜಿ ಹಾಕದಂತೆ ನೋಡಿಕೊಳ್ಳುವ ಉಪಾಯ ಇರಬೇಕು.

ಬೆಳಿಗ್ಗೆ ಆರಕ್ಕೆ ಬೈಕುಗಳು ಹೊರಟವು. ದಾರಿಯ ಶಿಷ್ಟಾಚಾರವನ್ನು ಅಲ್ಲೇ ಕಂಡೆ. ಎದುರಿಗೆ ಯಾರಾದರೂ ಸಿಕ್ಕರೆ ಮುಂದಿನ ಸವಾರ ನಿಧಾನಿಸಿ, ನನ್ನ ಹಿಂದೆ ಇನ್ನೆಷ್ಟು ಜನ ಇದ್ದಾರೆ ಎಂದು ಬೆರಳೆತ್ತಿ ತೋರಿಸುತ್ತಾನೆ. ಕೊನೆಯವನು ಮುಷ್ಟಿ ಹಿಡಿದು ತೋರಿಸಿದರೆ ಇನ್ನಿಲ್ಲ ಎಂದು ಅರ್ಥ. ಕುದುರೆ ಬಂದರೆ ಮಾತ್ರ ಎಲ್ಲರೂ ದಾರಿ ಬಿಟ್ಟು, ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ಅದನ್ನು ಮಾತಾಡಿಸಬೇಕು. ಒಳಗಿರುವುದು ಮನುಷ್ಯನೇ ಎಂದು ಕುದುರೆಗೆ ಖಾತ್ರಿಯಾಗಬೇಕಲ್ಲ. ಡೇರೆಯ ಹತ್ತಿರವೇ ಮೂರು ಕುದುರೆ ಬಂದವು. ದಾವಣಗೆರೆಯ ಹುಡುಗ ಹೆಲ್ಮೆಟ್ ತೆಗೆದು, ಬೇರೇನೂ ತೋಚದೆ, "ಏನಪಾ, ಅರಾಮಿದಿಯಾ? ಊಟ ಆತಾ?" ಎಂದ. ಕುದುರೆ ಕಿವಿ ನಿಮಿರಿಸಿ ಶಾಂತವಾಗಿ ಮುಂದೆ ನಡೆಯಿತು. ಮೇಲೆ ಕೂತಿದ್ದ ಹೆಂಗಸು ಟೋಪಿ ಮುಟ್ಟಿ ವಂದಿಸಿದಳು.

ಅವರು ಅತ್ತ ಹೋದ ಮೇಲೆ ಮಗಳು ನನ್ನನ್ನು ಟಿನ್‌ಕಪ್ ಎಂಬ ಹಳೆಯ ಗಣಿ ಊರಿಗೆ ಕರೆದೊಯ್ದಳು. ಮರದ ಮನೆಗಳು ಒಂದಷ್ಟು. ಅಲ್ಲಿನ ಸ್ಮಶಾನದಲ್ಲಿ ನಾಲ್ಕು ದಿಬ್ಬ: ಪ್ರಾಟೆಸ್ಟಂಟರಿಗೊಂದು, ಕ್ಯಾಥೊಲಿಕ್ಕರಿಗೊಂದು, ಯಹೂದಿಗಳಿಗೊಂದು, ಬೂಟು ಹಾಕಿಕೊಂಡೇ ಸತ್ತ ಪುಂಡರಿಗೊಂದು. ಬೆಳ್ಳಿ ಹುಡುಕಿಕೊಂಡು ಬಂದು ಜಗಳವಾಡಿದವರೂ ಕೊನೆಗೆ ಸರ್ವೆ ಮಾಡಿಸಿ ಪಾಲು ಹಂಚಿಕೊಂಡೇ ಮಲಗಿದ್ದಾರೆ.

ನನಗೆ ಆ ಪ್ರವಾಸದ ಸಾರ್ಥಕ್ಯ ಸಿಕ್ಕಿದ್ದು ಬೇರೆ ಕಡೆ. ಹಿಂತಿರುಗುವಾಗ ದಾರಿ ಪಕ್ಕದ ಪೊದೆಯೊಳಗೆ ಕಬ್ಬಿಣದ ಕೊಳವೆಯ ತಲೆಗೆ ಕೂರಿಸಿದ ಹಿತ್ತಾಳೆ ಬಿಲ್ಲೆ ಕಂಡಿತು. ಮೇಲೆ ಅಡ್ಡಗೆರೆ, ಅಂಕಿ. ಸೆಕ್ಷನ್ ಮೂಲೆಯ ಗುರುತು! 1785ರ ಶಾಸನದ ಪ್ರಕಾರ ಆ ದೇಶವನ್ನು ಆರಾರು ಮೈಲಿಯ ಚೌಕಗಳಾಗಿ, ಒಂದೊಂದು ಚೌಕವನ್ನು 640 ಎಕರೆಯ 36 ಸೆಕ್ಷನ್ನುಗಳಾಗಿ ಸೀಳುತ್ತ ಹೋದರು. ಬೆಟ್ಟ ಬರಲಿ, ಹಳ್ಳ ಬರಲಿ, ಗೆರೆ ನೇರವಾಗಿ ಹೋಗಬೇಕು. ನಮ್ಮ ಸರಪಳಿ 33 ಅಡಿ, ಅವರ ಗುಂಟರ್ ಸರಪಳಿ 66. ಮೈಲಿಗೆ ಎಂಭತ್ತು ಸರಪಳಿ. ಹತ್ತು ಸಾವಿರ ಅಡಿ ಎತ್ತರದಲ್ಲಿ, ಈ ಮುಳ್ಳಿನಲ್ಲಿ, ಸರಪಳಿ ಎಳೆದುಕೊಂಡು ಬಂದ ಪುಣ್ಯಾತ್ಮನಿಗೆ ಭತ್ಯೆ ಸರಿಯಾಗಿ ಸಿಕ್ಕಿತೋ ಇಲ್ಲವೋ ಎಂದು ಯೋಚಿಸಿದೆ. ಮಗಳು ಫೋಟೊ ತೆಗೆಯುವಾಗ ಬೆನ್ನು ನೆಟ್ಟಗೆ ಮಾಡಿ ನಿಂತೆ.

ಸವಾರರು ಮಧ್ಯಾಹ್ನ ಒಂದಕ್ಕೇ ಬಂದುಬಿಟ್ಟರು. ಮೈತುಂಬ ಕೆಸರು, ಮುಖದ ತುಂಬ ಹಲ್ಲು. ಮೇಲೆ ಆಲಿಕಲ್ಲು ಬಿದ್ದಿತಂತೆ. ಗೆರೆ ಎಳೆದಿದ್ದ ಸುತ್ತಿನಲ್ಲಿ ಅರ್ಧ ಮುಗಿಸಿ, ಮರಗಳ ಸಾಲಿನೊಳಗೆ ಇಳಿದು, ಬೇರೊಂದು ದಾರಿಯಲ್ಲಿ ವಾಪಸ್. ಆರು ತಿಂಗಳ ಯೋಜನೆಯಲ್ಲಿ ಅರ್ಧ ಉಳಿಯಿತಲ್ಲ ಎಂದು ನಾನು ಬೇಸರಪಟ್ಟರೆ, "ಇಳಿಯೋಕೆ ಆ ಇನ್ನೊಂದು ದಾರಿ ಇದೆ ಅಂತ ಫೆಬ್ರವರಿಯಲ್ಲೇ ಗೊತ್ತಿತ್ತಲ್ಲ ಮಾವ" ಎಂದು ಅಳಿಯಂದಿರು ಬೂಟಿನೊಳಗಿನ ನೀರು ಸುರಿದರು. ಆ ದಾರಿಯನ್ನು ನಕಾಶೆಯಲ್ಲಿ ತೋರಿಸಿದ್ದವನು ನಾನೇ. ಅದನ್ನು ಅವರು ಹೇಳಲಿಲ್ಲ, ನಾನೂ ನೆನಪಿಸಲಿಲ್ಲ. ಊಟವಾದ ಮೇಲೆ ಒಂದು ಸಲ ಮಾತ್ರ ನೆನಪಿಸಿದೆ.

ರಾತ್ರಿ ಬೆಂಕಿಯ ಸುತ್ತ ಮಾತು ಮುಚ್ಚಿಹೋದ ದಾರಿಗಳ ಕಡೆ ತಿರುಗಿತು. ಯೂಟಾದ ಮೋಆಬ್ ಊರಿನ ಪಕ್ಕ 2023ರ ಸೆಪ್ಟೆಂಬರಿನಲ್ಲಿ ಒಂದೇ ತೀರ್ಮಾನದಲ್ಲಿ 317 ಮೈಲಿ ದಾರಿ ಮೋಟಾರಿಗೆ ಮುಚ್ಚಿತಂತೆ. ಅದೇ ಮೋಆಬ್‌ನಲ್ಲಿ ಸ್ಲಿಕ್‌ರಾಕ್ ಎಂಬ ಹಾದಿ ಇದೆ, ಲೋಕದ ಸೈಕಲ್ ಸವಾರರೆಲ್ಲ ಯಾತ್ರೆ ಬರುತ್ತಾರೆ. 1969ರಲ್ಲಿ ಅದನ್ನು ಗುರುತು ಹಾಕಿದ್ದು ಮೋಟಾರ್ ಸೈಕಲ್ಲಿಗೆ. ನೆರೆಮನೆಯವರಿಗೆ ಇದರಲ್ಲಿ ಸಿಟ್ಟಿದೆ. ಆದರೆ ಮಾರನೆಯ ದಿನ ಟೈರು ಹರಿದ ಒಂದು ಹುಲ್ಲುಗಾವಲನ್ನು ತೋರಿಸಿ, "ಇದನ್ನು ಮಾಡಿದವನು ನನ್ನ ಕೈಗೆ ಸಿಗಲಿ" ಎಂದವರೂ ಅವರೇ. ಎರಡು ಸಿಟ್ಟೂ ನನಗೆ ಸರಿಯೆನ್ನಿಸಿದವು. ನೆಲ ಎಲ್ಲರದೂ ಆದಾಗ ಸಿಟ್ಟು ಒಂದೇ ಕಡೆ ಇರಲು ಸಾಧ್ಯವಿಲ್ಲ.

ದಾರಿಗಳ ಹೊಸ ಯೋಜನೆ ಹೊರಟಾಗ ಇಲಾಖೆ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು, ಯಾರು ಬೇಕಾದರೂ ಬರೆಯಬಹುದು ಎಂದು ಅಳಿಯಂದಿರು ಹೇಳಿದರು. ನನ್ನ ಕಿವಿ ನೆಟ್ಟಗಾಯಿತು.

"ಯಾರು ಬೇಕಾದರೂ ಎಂದರೆ?"

"ನೀವೂ ಬರೆಯಬಹುದು ಮಾವ."

ತಕರಾರು ಅರ್ಜಿ! ಅಷ್ಟು ವರ್ಷ ಬೇರೆಯವರು ಬರೆದದ್ದನ್ನು ಸ್ವೀಕರಿಸಿದ ಕೈಗೆ ಬರೆಯುವ ಯೋಗ ಬಂತು. ಮನೆಗೆ ಬಂದವನೇ ಎಡಕ್ಕೆ ಅಂಚು ಬಿಟ್ಟು, ವಿಷಯ, ಉಲ್ಲೇಖ ಹಾಕಿ, ಸದರಿ ದಾರಿಯು ನಕಾಶೆಯಲ್ಲಿ ಉಳಿಯಬೇಕಾದ ಕಾರಣಗಳನ್ನೂ, ಹಕ್ಕಿಯ ಕಾಲದಲ್ಲಿ ಗೇಟು ಹಾಕುವುದಕ್ಕೆ ನನ್ನ ಅಭ್ಯಂತರವಿಲ್ಲವೆಂಬುದನ್ನೂ, ಬಿದ್ದ ಮರಗಳ ಮಹಜರನ್ನೂ ಕನ್ನಡದಲ್ಲಿ ಬರೆದೆ. ಮಗಳು ಇಂಗ್ಲಿಷಿಗೆ ತಿರುಗಿಸಿದಳು. ಅವಳು "ತಮ್ಮ ವಿಧೇಯ" ಎಂಬುದನ್ನು ಕೈಬಿಡೋಣ ಎಂದಳು, ನಾನು ಒಪ್ಪಲಿಲ್ಲ. ಕಳಿಸಿದ ಮೇಲೆ ಸ್ವೀಕೃತಿ ಮುದ್ರೆ ಎಲ್ಲಿ ಎಂದು ಕೇಳಿದೆ. ಒಂದು ನಂಬರು ಬಂದಿದೆ ಎಂದಳು. ಅದನ್ನು ಡೈರಿಯಲ್ಲಿ ಬರೆದುಕೊಂಡು ಊರಿಗೆ ಬಂದಿದ್ದೇನೆ. ಈಗ ಪ್ರತಿ ಭಾನುವಾರ ಮಗಳು ಫೋನ್ ಮಾಡಿದಾಗ ಮೊಮ್ಮಗನ ಹಲ್ಲು, ಹವೆ, ಊಟ ಎಲ್ಲ ಆದ ಮೇಲೆ ಕೇಳುತ್ತೇನೆ:

"ಅಲ್ಲಮ್ಮಾ, ಆ ಕಡತ ಈಗ ಯಾರ ಮೇಜಿನ ಮೇಲಿದೆ?"